ಪಟ್ಟಿಯಲ್ಲಿಲ್ಲದ ಜೌಗು

ಭೂಸ್ವಾಧೀನ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ-ತಮ್ಮ ಕೂತಿದ್ದರು. ಸರ್ಕಾರ ಕೊಂಡು ಕಾಪಾಡಲಿರುವ ಕಡಲಂಚಿನ ಜೌಗು ಜಮೀನುಗಳ ಪಟ್ಟಿಯನ್ನು ಗುಮಾಸ್ತ ಆಗಷ್ಟೇ ಗೋಡೆಗೆ ಅಂಟಿಸಿದ್ದ.

“ನಮ್ಮದಿಲ್ಲ ಅಕ್ಕ.”

“ಸರಿಯಾಗಿ ನೋಡಿದ್ಯಾ?”

“ಎರಡು ಸಲ ನೋಡ್ದೆ. ಪಕ್ಕದವರದ್ದು ಇದೆ. ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡ, ಹಕ್ಕಿ, ಮೀನುಮರಿ ಇರೋ ಜಾಗಕ್ಕೇ ಮೊದಲಂತೆ. ನಮ್ಮದು ಬರೀ ಕೆಸರು ಅಂದ್ರು ಸಾಹೇಬ್ರು.”

“ನಮ್ಮಲ್ಲೂ ಕಾಂಡ್ಲಾ ಕಾಡೇ ಇತ್ತಲ್ಲೋ. ರೋಗ ಬಂದು ಒಣಗಿತು ಅಂದಿದ್ದೆ ನೀನು.”

ತಮ್ಮ ತಲೆ ತಗ್ಗಿಸಿದ.

“ಅಳತೆಯವರು ಬರ್ತಾರೆ ಅಂತ ಗೊತ್ತಾಯ್ತು. ಕಾಂಡ್ಲಾ ಇದ್ರೆ ಸರ್ಕಾರ ತಗೊಳ್ಳುತ್ತೆ, ಅಪ್ಪನ ಜಮೀನು ಕೈಬಿಟ್ಟು ಹೋಗುತ್ತೆ ಅಂತ ಹೆದರಿ ನಾನೇ ಕಡಿಸ್ದೆ.”

“ಅದೇ ವರ್ಷ ಅಲ್ವೇನೋ ಅಲೆ ಅಡುಗೆಮನೆಗೆ ನುಗ್ಗಿದ್ದು?”

“ಗಿಡ ಅಲೆ ತಡೀತಿತ್ತು ಅಂತ ನಂಗೇನು ಗೊತ್ತು?”

“ಅಪ್ಪ ಸಾಯೋವರೆಗೂ ಅದನ್ನೇ ಬಡ್ಕೋತಿದ್ರು. ಸರ್ಕಾರ ತಗೊಂಡಿದ್ರೆ ಆ ದುಡ್ಡಲ್ಲಿ ಅಮ್ಮನ್ನ ಗುಡ್ಡದ ಮೇಲೆ ಎಲ್ಲಾದ್ರೂ ಇಡಬಹುದಿತ್ತು.”

ಗುಮಾಸ್ತ ಮುಂದಿನವರನ್ನು ಕರೆದ. ಅಕ್ಕ ಎದ್ದಳು.

“ಅಮ್ಮ ಕೇಳಿದ್ರೆ ಏನಂತೀಯ ಅಕ್ಕ?”

“ಕಡಿಸಿದ ವಿಷಯ ಹೇಳಲ್ಲ. ಆದ್ರೆ ಹಾಸಿಗೆ ಬಿಟ್ಟು ಏಳೋಕಾಗದವಳು ಅವಳು. ಇನ್ಮೇಲೆ ನೀರು ನುಗ್ಗಿದಾಗೆಲ್ಲ ನೀನೇ ಅವಳನ್ನ ಹೊತ್ಕೊಂಡು ನಿಂತ್ಕೋ.”

ಇಬ್ಬರೂ ಮೆಟ್ಟಿಲಿಳಿದು ಹೋದರು.