ಜೋಡಿ ಪಟ್ಟಿಯಲ್ಲಿ ಇಲ್ಲದ ಹೆಸರು

ನನ್ನ ಹೆಸರು ಯೋಗಿರಾಜ, ತಂದೆಯ ಹೆಸರು ಸಾಯಬಣ್ಣ, ಅಡ್ಡಹೆಸರು ಹತ್ತೂರೆ. ವಯಸ್ಸು 44. ಉದ್ಯೋಗ: ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಒಂದು ಟವೆಲ್ ಕಾರ್ಖಾನೆಯಲ್ಲಿ ಎರಡನೇ ಶೆಡ್ಡಿನ ಇನ್‌ಚಾರ್ಜ್. ವಾಸ: ಮೈಂದರ್ಗಿ, ತಾಲೂಕು ಅಕ್ಕಲಕೋಟೆ. ನನಗೆ ಮರಾಠಿ ಬರುತ್ತದೆ. ಆದರೂ ಈ ವಿಷಯ ಮನೆಮಾತಿನಲ್ಲೇ ಹೇಳುತ್ತೇನೆಂದು ಕೇಳಿಕೊಂಡೆ. ಹವಾಲ್ದಾರ ಅಮೃತಪ್ಪ ಅವರು, "ಹೇಳ್ರಿ, ಮರಾಠಿ ಆಮ್ಯಾಲ ನಾ ಮಾಡತೀನಿ" ಎಂದು ಕನ್ನಡದಲ್ಲಿ ಬರೆದುಕೊಳ್ಳಲು ಒಪ್ಪಿದರು. ಯಾರೂ ಒತ್ತಾಯ ಮಾಡದೆ ನಾನಾಗಿಯೇ ಹೇಳಿ ಬರೆಸುವುದೇನೆಂದರೆ:

ನಾನು ಈ ಶೆಡ್ಡಿಗೆ ಬಂದು 19 ವರ್ಷವಾಯಿತು. ಅದರಲ್ಲಿ 18 ವರ್ಷ ಏಳನೇ ನಂಬರ್ ಮಗ್ಗದ ಮೇಲೆ ಕೆಲಸ ಮಾಡಿದೆ. ಎಂಟನೇ ಮಗ್ಗದ ಮೇಲೆ ಅಕ್ಕಲಕೋಟೆಯ ಸಿದ್ಧರಾಮ ಇದ್ದ, ಈಗಲೂ ಇದ್ದಾನೆ. ಠಾಣೆಯವರು ನಿನ್ನೆಯಿಂದ ಕರೆಸಿ ಕೂರಿಸಿಕೊಂಡಿರುವುದು ಇವನನ್ನೇ. ಬೆಳಿಗ್ಗೆ ನಾನು ಅಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಬಸ್ ಬದಲಿಸುವಾಗ ಅವನು ನನಗೆ ಜಾಗ ಹಿಡಿದಿರುತ್ತಿದ್ದ. ಮಧ್ಯಾಹ್ನ ಒಂದು ಗಂಟೆಗೆ ಶೆಡ್ಡಿನವರೆಲ್ಲ ಹರಕು ಟವೆಲ್ಲೊಂದನ್ನು ಹಾಸಿ, ಎಲ್ಲರ ಡಬ್ಬಿಯ ರೊಟ್ಟಿಯನ್ನೂ ಅದರ ಮೇಲೆ ಸುರಿದು ಒಟ್ಟಿಗೆ ಉಣ್ಣುತ್ತಿದ್ದೆವು. ಯಾರ ಮನೆಯ ರೊಟ್ಟಿ ಯಾರ ಹೊಟ್ಟೆಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ.

ನಮ್ಮ ಶೆಡ್ಡಿನಲ್ಲಿ ಜೋಡಿ ಕೂಗುವ ಪದ್ಧತಿ ಇದೆ. ಆರು ವರ್ಷದ ಹಿಂದೆ ಒಬ್ಬ ವಯಸ್ಸಾದ ಕೆಲಸಗಾರ ನೂಲಿನ ಚೀಲಗಳ ಹಿಂದೆ ಮಲಗಿಬಿಟ್ಟಿದ್ದ. ಗೊತ್ತಿಲ್ಲದೆ ಶಟರ್ ಎಳೆದು ಹೋಗಿದ್ದೆವು. ಅವನು ಬದುಕಿಕೊಂಡ. ಮರುದಿನ ನಾನೇ ಎಲ್ಲರನ್ನೂ ಕೂರಿಸಿ, ಇಬ್ಬಿಬ್ಬರ ಜೋಡಿ ಮಾಡಿ, ಪಟ್ಟಿ ಬರೆದು ಶಟರ್ ಪಕ್ಕ ಹಚ್ಚಿದೆ. ಪಾಳಿ ಮುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಜೋಡಿಯವನ ಹೆಸರು ಕೂಗಬೇಕು, ಅವನು "ಹೊರಗ" ಎನ್ನಬೇಕು. 22 ಜನ, 11 ಜೋಡಿ. ಎಲ್ಲರೂ "ಹೊರಗ" ಎಂದ ಮೇಲೆಯೇ ಶಟರ್. ನನ್ನ ಜೋಡಿ ಸಿದ್ಧರಾಮ.

ಎಂಟು ತಿಂಗಳ ಹಿಂದೆ ಮಾಲೀಕರ ಮಗಳು ಪ್ರಣಿತಾ ಮೇಡಮ್ ನನ್ನನ್ನು ಇನ್‌ಚಾರ್ಜ್ ಮಾಡಿದರು. ಊರಿನ ಒಂದು ಹೋಟೆಲಿನಲ್ಲಿ ಒಂದು ದಿನದ ನಾಯಕತ್ವ ಶಿಬಿರಕ್ಕೂ ಕಳಿಸಿದರು. ಮುಂದಾಳು ಆದವನು ಜನರೊಳಗೆ ಬೆರೆತು ಕೂತರೆ ನಾಳೆ ಅವನ ಮಾತು ನಡೆಯುವುದಿಲ್ಲ ಎಂದು ಅಲ್ಲಿ ಹೇಳಿದರು. ನಾನು ಅದನ್ನು ಶಾಲೆಯ ಹುಡುಗನ ಹಾಗೆ ಬರೆದುಕೊಂಡೆ. ಮರುದಿನದಿಂದ ಅಂಗಳದಾಚೆಯ ಕ್ಯಾಬಿನ್ನಿನಲ್ಲಿ ಉಣ್ಣತೊಡಗಿದೆ. ನನ್ನ ಮಗ್ಗಕ್ಕೆ ಅಮೋಲ ಎಂಬ ಹೊಸಬ ಬಂದ. ಜೋಡಿ ಪಟ್ಟಿಯಲ್ಲಿ ಸಿದ್ಧರಾಮನ ಎದುರಿಗೆ ಇದ್ದ ನನ್ನ ಹೆಸರನ್ನು ಹೊಡೆದು ಅಮೋಲನ ಹೆಸರು ಬರೆದವನು ನಾನೇ. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಆಗ ನನಗೆ ಹೆಮ್ಮೆಯಾಗಿತ್ತು ಎಂದೂ ಬರೆದುಕೊಳ್ಳಬೇಕು.

ಅಂದಿನಿಂದ ಸಿದ್ಧರಾಮ ನನ್ನನ್ನು ಸಾಹೇಬ ಎಂದು ಕರೆಯತೊಡಗಿದ. ಬಸ್ಸಿನಲ್ಲಿ ಜಾಗ ಹಿಡಿಯುವುದು ನಿಂತಿತು. ನಾನು ಶೆಡ್ಡಿನೊಳಗೆ ಕಾಲಿಟ್ಟರೆ ನಗು ನಿಲ್ಲುತ್ತಿತ್ತು. ಕ್ಯಾಬಿನ್ನಿನಲ್ಲಿ ಫ್ಯಾನ್ ಇದೆ, ಕುರ್ಚಿ ಇದೆ, ಕುಡಿಯುವ ನೀರಿನ ಯಂತ್ರ ಇದೆ. ಅಲ್ಲಿ ಉಂಡ ರೊಟ್ಟಿ ಒಂದು ದಿನವೂ ನನಗೆ ಮೈಗೆ ಹತ್ತಲಿಲ್ಲ.

ದಿನಾಂಕ 5-4-2025ರಂದು ಮೇಡಮ್ ಹೇಳಿದಂತೆ ತಿಂಗಳ ಉತ್ತಮ ಕೆಲಸಗಾರನೆಂದು ಸಿದ್ಧರಾಮನ ಫೋಟೊವನ್ನು ಗೋಡೆಗೆ ಹಚ್ಚಿದೆ. ಅವನಿಗೆ ಖುಷಿಯಾಗಿ ನನ್ನೊಡನೆ ಮಾತಾಡುತ್ತಾನೆ ಎಂದುಕೊಂಡಿದ್ದೆ. ಅವನು ಹತ್ತು ನಿಮಿಷದಲ್ಲಿ ಫೋಟೊ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟು, "ನಾ ಒಬ್ಬನs ಛಲೋ ಆದ್ರ ಉಳದ ಇಪ್ಪತ್ತೊಂದ ಮಂದಿ ಏನ ಕತ್ತೆ ಕಾಯಾಕತ್ತಾರೇನ್ರಿ ಸಾಹೇಬ?" ಎಂದ. ನಾನು ಸಿಟ್ಟಿನಿಂದ ಅವನಿಗೆ ಮೆಮೊ ಕೊಟ್ಟೆ. ಅವನು ಸಹಿ ಮಾಡಿ ಹೋದ. ಈ ಜಗಳದ ದ್ವೇಷದಿಂದಲೇ ಅವನು ನನ್ನನ್ನು ಕೂಡಿಹಾಕಿದ ಎಂಬುದು ಮೇಡಮ್ ಕೊಟ್ಟಿರುವ ದೂರು.

ದಿನಾಂಕ 19-4-2025, ಶನಿವಾರ. ಮರುದಿನ ವಾರದ ರಜೆ. ಸಂಜೆ ನಾಲ್ಕಕ್ಕೆ ಮಗ್ಗಗಳು ನಿಂತವು. ಆ ಹೊತ್ತಿಗೆ ನಾನು ಶೆಡ್ಡಿನ ಹಿಂಭಾಗದ ನೂಲಿನ ಕೋಣೆಗೆ ಹೋದೆ. ಅಲ್ಲಿ ನನಗೆ ಕೆಲಸವಿರಲಿಲ್ಲ. ಜೋಡಿ ಕೂಗುವಾಗ ಅವರ ನಡುವೆ ಸುಮ್ಮನೆ ನಿಲ್ಲಲು ನನಗೆ ಆಗುವುದಿಲ್ಲ. ಹಾಗಾಗಿ ಎಂಟು ತಿಂಗಳಿಂದ ದಿನಾಲೂ ಆ ಹೊತ್ತಿಗೆ ಅಲ್ಲಿಗೆ ಹೋಗಿ, ಕೂಗು ಮುಗಿದ ಮೇಲೆ ಹಿಂದಿನ ಬಾಗಿಲಿನಿಂದ ಹೊರಬೀಳುತ್ತಿದ್ದೆ. ಇದು ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಕ್ಯಾಬಿನ್ನಿನಲ್ಲಿದ್ದೇನೆ ಎಂದೇ ಅವರು ತಿಳಿದಿರುತ್ತಾರೆ.

ಅಂದು ಒಂದೊಂದೇ ಹೆಸರು ಕೇಳಿಸಿತು. "ಅಮೋಲ" ಎಂದು ಸಿದ್ಧರಾಮ ಕೂಗಿದ, ಅಮೋಲ "ಹೊರಗ" ಎಂದ. 22 ಹೆಸರೂ ಮುಗಿದವು. ಹಿಂದಿನ ಬಾಗಿಲಿಗೆ ತಿರುಗಿ ದೂಡಿದೆ, ತೆರೆಯಲಿಲ್ಲ. ಮಧ್ಯಾಹ್ನ ಬಂದ 40 ನೂಲಿನ ಚೀಲಗಳನ್ನು ಆ ಬಾಗಿಲಿಗೆ ಅಡ್ಡವಾಗಿ ಹೊರಗೆ ಒಟ್ಟಿದ್ದರು. ಒಟ್ಟಿಸಿದವನೂ ನಾನೇ, ಮರೆತಿದ್ದೆ. ಅಷ್ಟರಲ್ಲಿ ಮುಂದೆ ಶಟರ್ ಎಳೆಯುವ ಸದ್ದಾಯಿತು. ನನಗೂ ಶಟರಿಗೂ ಸುಮಾರು 60 ಅಡಿ. ಒಂದು ಸಲ ಕೂಗಿದ್ದರೆ ನಿಲ್ಲಿಸುತ್ತಿದ್ದರು.

ನಾನು ಕೂಗಲಿಲ್ಲ. ಹವಾಲ್ದಾರರು ಇದನ್ನು ಎರಡು ಸಲ ಕೇಳಿದರು, ಎರಡು ಸಲವೂ ಇದನ್ನೇ ಹೇಳಿದೆ. ಸಾಹೇಬ ಎಲ್ಲಿ ಎಂದು ಯಾರಾದರೂ ಒಬ್ಬ ಕೇಳುತ್ತಾನೇನೋ ಎಂದು ಕಾದೆ. ಹತ್ತು ಹದಿನೈದು ಸೆಕೆಂಡು ಇರಬಹುದು. ಶಟರ್ ನೆಲಕ್ಕೆ ತಾಗಿತು, ಬೀಗ ಬಿತ್ತು, ಮೇನ್ ಸ್ವಿಚ್ ಆಫಾಯಿತು. ಆಗ 4 ಗಂಟೆ 6 ನಿಮಿಷ. ಆಮೇಲೆ ಕೂಗಿದೆ, ಶಟರ್ ಬಡಿದೆ. ಪಕ್ಕದ ಎರಡೂ ಶೆಡ್ಡುಗಳಲ್ಲಿ ಮಗ್ಗ ನಡೆದಿದ್ದವು. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮೊಬೈಲ್ ಕ್ಯಾಬಿನ್ನಿನಲ್ಲಿ ಚಾರ್ಜಿಗೆ ಇತ್ತು.

ಮೇಲೆ ತಗಡು, ಬಿಸಿಲು ವಿಪರೀತ. ಐದು ಗಂಟೆಯ ಸುಮಾರಿಗೆ ತಲೆ ತಿರುಗತೊಡಗಿತು. ಸೋಮವಾರ ಬೆಳಿಗ್ಗೆ ಎಂಟರವರೆಗೆ ಯಾರೂ ಬರುವುದಿಲ್ಲವೆಂದು ಲೆಕ್ಕ ಹಾಕಿದೆ. ನನಗೆ ಹೆದರಿಕೆಯಾಯಿತು. ಗೋಡೆಯ ಉದ್ದಕ್ಕೂ ಡಬ್ಬಿ ತೂಗುಹಾಕುವ ಮೊಳೆಗಳಿವೆ. ಎಂಟನೇ ಮೊಳೆಯಲ್ಲಿ ಒಂದು ಚೀಲ ಉಳಿದಿತ್ತು. ಒಳಗೆ ಕಾಲುಭಾಗ ನೀರಿದ್ದ ಬಾಟಲಿ ಮತ್ತು ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಚಂದ್ರಭಾಗಾ ಎಂದು ಕೊರೆದಿದೆ. ಅದು ಸಿದ್ಧರಾಮನ ಹೆಂಡತಿಯ ಹೆಸರು. ನೀರು ಕುಡಿದೆ. ಡಬ್ಬಿಯಲ್ಲಿ ಅರ್ಧ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಉಂಡೆ. ಎಂಟು ತಿಂಗಳ ಮೇಲೆ ಆ ಮನೆಯ ರೊಟ್ಟಿ. ಉಣ್ಣುತ್ತಲೇ ಅತ್ತುಬಿಟ್ಟೆ.

6 ಗಂಟೆ 20 ನಿಮಿಷಕ್ಕೆ ಶಟರ್ ಮೇಲೆದ್ದಿತು. ಸಿದ್ಧರಾಮ ಒಳಗೆ ಬಂದ. ಶಟರಿನ ಒಂದು ಕೀಲಿ ಅವನ ಹತ್ತಿರ, ಇನ್ನೊಂದು ಗೇಟಿನ ವಾಚಮನ್ ಹತ್ತಿರ ಇರುತ್ತದೆ. ಒಂದು ಕೈಯಲ್ಲಿ ಪೇಟೆಯ ಕಾಯಿಪಲ್ಲೆ ಚೀಲವಿತ್ತು. ಅವನು ನನ್ನನ್ನು ಹುಡುಕಲಿಲ್ಲ, ಹೆಸರು ಹಿಡಿದು ಕೂಗಲಿಲ್ಲ. ನೆಟ್ಟಗೆ ಎಂಟನೇ ಮೊಳೆಯ ಹತ್ತಿರ ಹೋಗಿ ಕೈ ಹಾಕಿದ. ಚೀಲ ಸಿಗಲಿಲ್ಲ. ಕೆಳಗೆ ನೋಡಿದ. ನಾನು ಅವನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. "ಯವ್ವಾ! ಯೋಗ್ಯಾ, ನೀ ಒಳಗ ಏನ ಮಾಡಾಕತ್ತಿಯೋ?" ಎಂದು ಚೀರಿದ. ಕಾಯಿಪಲ್ಲೆಯೆಲ್ಲ ನೆಲಕ್ಕೆ ಬಿತ್ತು.

ನನ್ನನ್ನು ಎತ್ತಿ ಅಂಗಳಕ್ಕೆ ತಂದ. ಅಲ್ಲಿ ನಾನು ವಾಂತಿ ಮಾಡಿಕೊಂಡೆ. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅವನು ನನ್ನ ಕಿವಿಯ ಹತ್ತಿರ ಬಂದು, "ನಿನ್ನ ನೆನಪಾಗಿ ತಿರಗಿ ಬಂದೆಂತ ಹೇಳತೀನಿ. ನೀನೂ ಹಂಗs ಹೇಳು. ಯಾರಿಗೂ ನೆನಪಿರಲಿಲ್ಲಂತ ಮಂದಿ ಮುಂದ ಹೇಳಬ್ಯಾಡ" ಎಂದ. ನಾನು ತಲೆಯಾಡಿಸಿದೆ. ರಾತ್ರಿಯೆಲ್ಲ ಸಲೈನ್ ಹಚ್ಚಿದ್ದರು. ಆಸ್ಪತ್ರೆಯವರು ಠಾಣೆಗೆ ತಿಳಿಸಿದರು.

ಸಿದ್ಧರಾಮ ತಾನು ಹೇಳಿದಂತೆಯೇ ಪೊಲೀಸರಿಗೂ ಹೇಳಿದ್ದಾನೆ. ಒಳಗೆ ಮನುಷ್ಯ ಇದ್ದಾನೆಂದು ನೆನಪಾದವನು ಗೇಟಿನ ವಾಚಮನ್‌ಗೆ ಫೋನು ಮಾಡದೆ ಎರಡು ತಾಸು ಪೇಟೆ ತಿರುಗಿದ್ದೇಕೆ, ಅಂದಮೇಲೆ ಬೇಕೆಂದೇ ಕೂಡಿಹಾಕಿ ಆಮೇಲೆ ಹೆದರಿ ತೆಗೆದಿದ್ದಾನೆ ಎಂದು ಈಗ ಅವನ ಮೇಲೆ ಸಂಶಯ. ಮೇಡಮ್ ಆಸ್ಪತ್ರೆಗೆ ಬಂದು, ನಿಮ್ಮ ಹಿಂದೆ ನಾನಿದ್ದೇನೆ, ಧೈರ್ಯವಾಗಿ ಅವನ ಹೆಸರು ಹೇಳಿ ಎಂದರು. ಅವರಿಗೆ ನನ್ನ ಮೇಲೆ ಪ್ರೀತಿ ಇದೆ, ಕಣ್ಣಲ್ಲಿ ನೀರು ಬಂದಿತ್ತು. ಆದರೆ ಅವರು ತಿಳಿದಂತೆ ನಡೆದಿಲ್ಲ.

ಸಿದ್ಧರಾಮ ಬಂದದ್ದು ಡಬ್ಬಿಗಾಗಿ. ಪೇಟೆಯಿಂದ ಅಕ್ಕಲಕೋಟೆಗೆ ಹೋಗುವ ಬಸ್ಸು ಕಾರ್ಖಾನೆಯ ಮುಂದೆಯೇ ಹೋಗುತ್ತದೆ, ಡಬ್ಬಿ ನೆನಪಾಗಿ ಅಲ್ಲಿ ಇಳಿದ. ನಾನು ಒಳಗಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಉಳಿದ 21 ಜನರಿಗೂ ಗೊತ್ತಿರಲಿಲ್ಲ. ನನ್ನನ್ನು ಯಾರೂ ಕೂಡಿಹಾಕಿಲ್ಲ. ಡಬ್ಬಿಯನ್ನು ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಪಂಚನಾಮೆ ಮುಗಿದ ಮೇಲೆ ಚಂದ್ರಭಾಗಾಬಾಯಿಗೆ ತಿರುಗಿ ಕೊಡಬೇಕು, ಅವರಿಗೆ ದಿನಾ ಬೇಕಾಗುತ್ತದೆ.

ಬರೆದದ್ದನ್ನು ಓದಿ ಹೇಳುವಾಗ ಅಮೃತಪ್ಪನವರು ಪೆನ್ನು ಕೆಳಗಿಟ್ಟು, "ಡಬ್ಬಿ ಸಲುವಾಗಿ ಬಂದಾಂತ ಬರಿಲೇಬೇಕೇನ್ರಿ? ಓದವ್ರಿಗೆ ಹೆಂಗರೆ ಅನಸತೈತಿ" ಎಂದರು. ಬರೆಯಲೇಬೇಕು ಎಂದೆ. ನೆನಪಾಗಿ ಬಂದ ಎಂದರೆ ನನ್ನ ಮಾನ ಉಳಿಯುತ್ತದೆ, ಅವನು ಜೈಲಿಗೆ ಹೋಗುತ್ತಾನೆ.

ಮೇಲಿನದು ನಾನು ಹೇಳಿದ್ದು, ಕೇಳಿ ಒಪ್ಪಿದ್ದು, ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ. ನನ್ನ ಜೊತೆ ಯಾರು ಬಂದಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ. ಮನೆಗೆ ಹೋಗಬಹುದು ಎಂದರು. ಈಗಲೇ ಹೋಗುವುದಿಲ್ಲ. ಸಿದ್ಧರಾಮನನ್ನು ಬಿಡುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಅವನ ಹೆಸರು ಕೂಗಬೇಕು, ಅವನು "ಹೊರಗ" ಎನ್ನಬೇಕು. ಆಮೇಲೆ ಬಸ್ಸು.

ಸ್ಥಳ: ಸೊಲ್ಲಾಪುರ
ದಿನಾಂಕ: 21-4-2025, ಮಧ್ಯಾಹ್ನ 12 ಗಂಟೆ 40 ನಿಮಿಷ
ಸಹಿ: ಯೋಗಿರಾಜ ಸಾಯಬಣ್ಣ ಹತ್ತೂರೆ
ಬರೆದುಕೊಂಡವರು: ಅಮೃತಪ್ಪ, ಹವಾಲ್ದಾರ