ಹೊಸ್ತಿಲಿನ ಕುಳಿ

ಸುಲೇಪೇಟ ಬಸ್‌ಸ್ಟ್ಯಾಂಡಿನ ಬೇವಿನ ಮರದಡಿ ವಿಮಲಾಬಾಯಿ ಗುಲಬರ್ಗಾ ಬಸ್ಸಿಗೆ ಕಾದು ಕಾದು ಬೇಸತ್ತಿದ್ದಳು. ಪಕ್ಕದಲ್ಲಿ ಕುಳಿತ ಹೆಂಗಸಿನ ಬೆರಳುಗಳೆಲ್ಲ ಅರಿಶಿಣದಿಂದ ಹಳದಿಯಾಗಿದ್ದವು. ಅಷ್ಟರಲ್ಲಿ ಆ ಹೆಂಗಸಿನ ಗಂಡ ಚಿಂಚೋಳಿ ರಸ್ತೆಯಿಂದ ಬರಿಗೈಯಲ್ಲಿ ನಡೆದು ಬಂದ.

“ಗಾಡಿ ಎಲ್ಲದ?”

“ಫಾರೆಸ್ಟ್ ನಾಕಾದಾಗ ಹಿಡದ್ರು. ಪಾಸ್ ಇಲ್ದ ಅಡವಿ ಸಾಗವಾನಿ ಒಯ್ಯಂಗಿಲ್ಲಂತ. ಕಾಯ್ದೆ ಭಾಳ ಬಿಗಿ ಆಗ್ಯಾದ.”

“ಸೋಮವಾರ ಹೊಸ ಮನಿ ಬಾಗಿಲ ನಿಂದ್ರಸೋದು ಅದ! ಹಳೇ ಮನಿ ಚೌಕಟ್ಟು ಅನಬೇಕಿತ್ತಲ್ಲ?”

“ಅಂದೆ. ಮೂರು ತಲಿ ಮಂದಿ ಬಾಳಿದ ಮನಿದು ಅಂದೆ.”

“ಹೊಸ್ತಿಲಿಗಿ ನಾ ಹಚ್ಚಿದ ಅರಿಶಿಣ ಕುಂಕುಮ ತೋರ್ಸಿದ್ರಿಲ್ಲೊ?”

“ತೋರ್ಸಿದೆ. ಗಾರ್ಡ ಕೈ ಸುದ್ದಾ ಮುಗದ.”

“ಮತ್ತೇನಾತು?”

“ಹೊಸ್ತಿಲ ಒಂಚೂರೂ ಸವದಿಲ್ಲಲ್ಲ ಅಂದ. ನಮ್ಮ ಮನ್ಯಾಗ ಹೊಸ್ತಿಲ ಯಾರೂ ತುಳಿಯಂಗಿಲ್ರಿ, ದಾಟ್ತೀವಿ ಅಂದೆ.”

“ಛಲೋ ಅಂದ್ರಿ.”

ವಿಮಲಾಬಾಯಿಗೂ ಆ ಉತ್ತರ ಹಿಡಿಸಿತು.

“ಆಮ್ಯಾಗ ಬಾಗಿಲ ತಿರುಗೋ ಕುಳಿಯಾಗ ಬೆರಳು ಹಾಕ್ದ. ಹಸಿ ಕಟಿಗಿ ಪುಡಿ ಬಂತು.”

ಹೆಂಗಸು ಸೆರಗಿಗೆ ಕೈ ಒರೆಸಿಕೊಂಡಳು.

“ಏನಂದ?”

“ನಡಿ, ಎತ್ತು ಅಲ್ಲೇ ಅವ. ನೀರು ಕುಡಿಸಬೇಕು.”

“ಏನಂದ, ಹೇಳ್ರಿ.”

ಇಬ್ಬರೂ ರಸ್ತೆಗಿಳಿದರು. ಅವನ ದನಿ ಮಾತ್ರ ಮರದಡಿಯವರೆಗೆ ಕೇಳಿಸಿತು.

“ಮೂರು ತಲಿ ಮಂದಿ ಬಾಳೇರಿ, ಒಬ್ರೂ ಬಾಗಿಲ ತಗದೇ ಇಲ್ಲೇನ್ರಿ ಅಂತ ಕೇಳ್ದ.”