ಬಾಗಿಲ ಹಿಂದಿನ ಮೊಳೆ

ನಗೋದಿದ್ರೆ ಈಗಲೇ ನಕ್ಕು ಮುಗಿಸಿ. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ನಾನು ಹೊದ್ಕೊಂಡು ಮಲಗಿಬಿಡ್ತೀನಿ, ಆಮೇಲೆ ಕಾಲು ಹಿಡಿದ್ರೂ ಹೇಳೋಲ್ಲ. ಇದು ಎಲ್ಲೋ ಓದಿದ್ದಲ್ಲ. ನೀವೆಲ್ಲ ಗಡಿಬಿಡಿ ಮಾಮ ಅಂತ ರೇಗಿಸ್ತೀರಲ್ಲ, ನನ್ನ ದೊಡ್ಡಮ್ಮನ ಮಗ... ಅವನಿಗೇ ಆಗಿದ್ದು.

ಅವತ್ತು ರಾತ್ರಿ ಹನ್ನೊಂದೂವರೆ. ಅವನು ಕೆಲಸ ಮಾಡೋ ಆಸ್ಪತ್ರೆಯ ಹಿಂದಿನ ಗೇಟು ದಾಟಿ ಒಳಗೆ ಬರ್ತಿದ್ದ. ಅಲ್ಲೊಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದಾರೆ. ಸುತ್ತ ಮೊಣಕಾಲೆತ್ತರದ ಕಟ್ಟೆ. ಹತ್ತಿರ ಬಂದಾಗ ಕೇಳಿಸ್ತು...

ಖೊಕ್. ಖೊಕ್.

ಎರಡೇ ಎರಡು ಕೆಮ್ಮು. ಒಣ ಕೆಮ್ಮು. ಕಾವಲುಗಾರ ಇರಬೇಕು ಅಂದ್ಕೊಂಡು, "ಏನಣ್ಣಾ, ಇಲ್ಲಿ ಕೂತಿದ್ದೀಯಾ?" ಅಂದ. ತಿರುಗಿ ನೋಡ್ತಾನೆ, ಕಟ್ಟೆ ಖಾಲಿ. ಕಾವಲುಗಾರ ನೋಡಿದ್ರೆ ಅಷ್ಟು ದೂರದಲ್ಲಿ, ಮುಂದಿನ ಗೇಟಲ್ಲಿ, ಕುರ್ಚಿ ಮೇಲೆ ತೂಕಡಿಸ್ತಿದ್ದ. ಇವನು ನಿಂತು ಯೋಚನೆ ಮಾಡೋ ಪೈಕಿನಾ? ಬಿರಬಿರನೆ ನೆಲಮಾಳಿಗೆ ಮೆಟ್ಟಿಲ ಕಡೆ ನಡೆದ.

ಅವಸರಕ್ಕೆ ಕಾರಣವೂ ಇತ್ತು ಅನ್ನಿ. ಸಂಜೆ ಒಬ್ಬ ಹೆಂಗಸನ್ನ ಕರ್ಕೊಂಡು ಬಂದಿದ್ರು. ತಲೆಯೊಳಗೆ ರಕ್ತ ಸೋರ್ತಿತ್ತು. ಒಂಬತ್ತು ವರ್ಷದ ಹಿಂದೆ ಅದೇ ಆಸ್ಪತ್ರೇಲಿ ಆಯಮ್ಮನ ತಲೆಗೆ ಆಪರೇಷನ್ ಮಾಡಿ, ರಕ್ತನಾಳಕ್ಕೆ ಒಂದು ಲೋಹದ ಕ್ಲಿಪ್ಪು ಹಾಕಿದ್ರಂತೆ. ಈಗ ಸ್ಕ್ಯಾನ್ ಮಾಡೋ ಯಂತ್ರ ಅಂದ್ರೆ ದೊಡ್ಡ ಅಯಸ್ಕಾಂತ. ಕ್ಲಿಪ್ಪು ಅಯಸ್ಕಾಂತ ಎಳೆಯೋ ಜಾತಿಯದ್ದಾದ್ರೆ ಯಂತ್ರದೊಳಗೇ ಪ್ರಾಣ ಹೋಗುತ್ತೆ. ಅಲ್ಲದಿದ್ರೆ ಭಯ ಇಲ್ಲ. ಯಾವ ಜಾತಿ ಅನ್ನೋದು ಆ ಹಳೇ ಆಪರೇಷನ್ ದಾಖಲೇಲಿದೆ. ಅಷ್ಟು ಹಳೇ ದಾಖಲೆ ಮೇಲಿನ ಕಂಪ್ಯೂಟರಿನಲ್ಲಿಲ್ಲ, ಇರೋದು ನೆಲಮಾಳಿಗೆಯ ಟೇಪಿನಲ್ಲಿ ಮಾತ್ರ. ಡಾಕ್ಟರು ಫೋನಲ್ಲೇ ಹೇಳಿದ್ರಂತೆ, "ಬೆಳಿಗ್ಗೆ ಆರರವರೆಗೆ ಕಾಯ್ತೀನಿ. ಸಿಗದಿದ್ರೆ ಸ್ಕ್ಯಾನ್ ಇಲ್ದೇ ತಲೆ ತೆರೀಬೇಕು. ಕಣ್ಣು ಕಟ್ಕೊಂಡು ಕತ್ತರಿ ಹಿಡಿದ ಹಾಗೆ."

ಮೆಟ್ಟಿಲಿಗೆ ಹೋಗೋ ಕಾರಿಡಾರಿನ ಬೆಂಚಿನ ಮೇಲೆ ಆಯಮ್ಮನ ಮಗಳು ಕೂತಿದ್ಲು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಅಮ್ಮನ ಚಪ್ಪಲಿ. ಇವನನ್ನ ನೋಡಿ ಎದ್ದು ನಿಂತು, "ಸಿಗುತ್ತಲ್ವಾ ಸಾರ್?" ಅಂದ್ಲು.

"ಅರ್ಧ ಗಂಟೆ ಅಮ್ಮಾ," ಅಂದ. ಅವನ ಬಾಯಲ್ಲಿ ಎಲ್ಲಾ ಕೆಲಸವೂ ಅರ್ಧ ಗಂಟೆ.

ಆ ಕೋಣೆ ಹೇಗಿದೆ ಅಂತ ಹೇಳ್ಬೇಕು ನಿಮಗೆ. ಕಿಟಕಿ ಇಲ್ಲ. ಒಂದು ಮೇಜು, ಒಂದು ಕುರ್ಚಿ, ಒಂದು ಇಂಟರ್‌ಕಾಮ್ ಫೋನು, ಮೂಲೇಲಿ ಸರ್ವರ್ ಅನ್ನೋ ಒಂದು ದೊಡ್ಡ ಕಂಪ್ಯೂಟರು. ಗೋಡೆಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ನಾನೂರು ಚಿಲ್ಲರೆ ಟೇಪು, ಜೊತೆಗೆ ಒಂದು ಯಂತ್ರದ ಕೈ. ಹಗಲೆಲ್ಲ ಆಸ್ಪತ್ರೆಯ ಕಂಪ್ಯೂಟರುಗಳಲ್ಲಿ ತುಂಬಿದ್ದನ್ನ ರಾತ್ರಿ ನೆಟ್‌ವರ್ಕಿನಲ್ಲಿ ಎಳೆದು ಟೇಪಿಗೆ ನಕಲು ಮಾಡೋದು, ಬ್ಯಾಕಪ್ ಅಂತಾರಲ್ಲ, ಅದು ಅಲ್ಲಿನ ಕೆಲಸ. ಆ ಕೈ ಟೇಪನ್ನ ಎತ್ತಿ ಓದೋ ಡ್ರೈವಿಗೆ ಹಾಕುತ್ತೆ. ಜರ್ರ್ರ್... ಟಕ್. ಆಮೇಲೆ ಟೇಪು ಸುತ್ತೋ ಸದ್ದು, ಸುಯ್ಯ್... ಅಂತ. ರಾತ್ರಿಯೆಲ್ಲ ಅದೇ. ಮನುಷ್ಯರ ದನಿ ಇಲ್ಲ.

ಐದು ತಿಂಗಳ ಹಿಂದಿನವರೆಗೆ ಆ ಕೋಣೆ ಟೇಪಜ್ಜನದ್ದು. ಅಜ್ಜ ಅಂತ ಎಲ್ಲರೂ ಹಿಂದಿನಿಂದ ಕರೀತಿದ್ರು, ಎದುರಿಗೆ ಸಾರ್ ಅಂತಿದ್ರು. ಇಪ್ಪತ್ತೆರಡು ವರ್ಷ ಅಲ್ಲೇ ಕೂತವರು. ಹೆಂಡತಿ ಮಕ್ಕಳು ಇರಲಿಲ್ಲ. ಸಂಜೆ ಬಾವಿಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತು ಕೆಳಗಿಳಿಯೋರು. ರಾತ್ರಿ ಮೂರು ಹತ್ತಕ್ಕೆ ಬ್ಯಾಕಪ್ ಮುಗಿದ ಮೇಲೆ ಅವರದ್ದು ಎರಡೇ ಕೆಲಸ. ಒಂದು, ಮೇಲಿನ ಟೆಲಿಫೋನ್ ಆಪರೇಟರಿಗೆ ಫೋನ್ ಮಾಡಿ "ಆಯ್ತು" ಅನ್ನೋದು. ಇನ್ನೊಂದು, ಒಂದು ಚೀಟಿ ಮೇಲೆ ಪೆನ್ಸಿಲಲ್ಲಿ ತಾರೀಕು, ಒಂದು ಟೇಪ್ ನಂಬರು ಬರೆದು ಬಾಗಿಲ ಹಿಂದಿನ ಮೊಳೆಗೆ ಚುಚ್ಚೋದು.

ನಮ್ಮ ಗಡಿಬಿಡಿ ಅವರ ಕೈಕೆಳಗೆ ಒಂದು ವರ್ಷ ಇದ್ದ. ಹಗಲು ಪಾಳಿ. ಇವನು ಹೊರಡೋ ಹೊತ್ತಿಗೆ ಅವರು ಬರೋರು. ಫ್ಲಾಸ್ಕ್ ಎತ್ತಿ ತೋರಿಸಿ ದಿನಾ ಕೇಳೋರಂತೆ, "ಒಂದು ಲೋಟ ಟೀ ಕುಡಿದು ಹೋಗೋ ಮರಿ." ಇವನು ಚಪ್ಪಲಿ ಮೆಟ್ಕೊಂಡೇ, "ನಾಳೆ ಸಾರ್." ಒಂದು ವರ್ಷ ನಾಳೆ ಸಾರ್.

ಒಂದು ಶನಿವಾರ ರಾತ್ರಿ ಅಜ್ಜ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ರು. ಗೊತ್ತಾಗಿದ್ದು ಸೋಮವಾರ ಬೆಳಿಗ್ಗೆ. ಯಾಕೆ ಗೊತ್ತಾ? ಬ್ಯಾಕಪ್ ಎಲ್ಲಾ ಸರಿಯಾಗೇ ನಡೀತಿತ್ತು. ಏನಾದ್ರೂ ಕೆಟ್ಟಿದ್ರೆ ತಾನೇ ಯಾರಾದ್ರೂ ಕೆಳಗಿಳಿದು ನೋಡೋದು? 'ಆಯ್ತು' ಅನ್ನೋ ಫೋನು ಬಂತಾ ಇಲ್ವಾ ಅಂತ ಮೇಲೆ ಯಾರೂ ಲೆಕ್ಕ ಇಡ್ತಿರಲಿಲ್ಲ. ಎರಡು ರಾತ್ರಿ ಆ ಯಂತ್ರದ ಕೈ ಅವರ ಪಕ್ಕದಲ್ಲೇ ಟೇಪು ಎತ್ತಿ ಹಾಕ್ತಿತ್ತು. ದೆವ್ವಕ್ಕಿಂತ ಇದೇ ಹೆಚ್ಚು ಹೆದರಿಸುತ್ತೆ ನನ್ನ.

ಕೋಣೆ ಇವನ ಪಾಲಿಗೆ ಬಂತು. ಬಂದವನೇ ಮೊಳೆಯ ಚೀಟಿ ಕಟ್ಟನ್ನ ಕಿತ್ತು ಬುಟ್ಟಿಗೆ ಹಾಕ್ದ. ಕಂಪ್ಯೂಟರ್ ಇರುವಾಗ ಚೀಟಿ ಯಾಕೆ ಅಂತ. ಮನೆಯಿಂದಲೇ ಎಲ್ಲಾ ನೋಡೋ ಹಾಗೆ ಮಾಡ್ಕೊಂಡ. ಕೋಣೆಗೆ ವಾರಕ್ಕೊಂದು ಸಲ, ಹೊಸ ಟೇಪು ತುಂಬೋಕೆ, ಐದು ನಿಮಿಷ ಹೋಗಿ ಬರ್ತಿದ್ದ.

ಅವತ್ತು ರಾತ್ರಿ ಬಾಗಿಲು ಹಾಕಿ, ಸ್ವೆಟರ್ ಬಿಚ್ಚಿ, ಅದೇ ಮೊಳೆಗೆ ನೇತುಹಾಕ್ದ. ಮೊಳೆ ಖಾಲಿ ಇತ್ತು. ಇದನ್ನ ನೆನಪಿಟ್ಕೊಳ್ಳಿ. ಮೊಳೆ ಖಾಲಿ ಇತ್ತು.

ಕುರ್ಚಿಯಲ್ಲಿ ಕೂತು ನೋಡ್ತಾನೆ, ಕ್ಯಾಟಲಾಗೇ ಏಳ್ತಿಲ್ಲ. ಕ್ಯಾಟಲಾಗ್ ಅಂದ್ರೆ ಪಟ್ಟಿ. ಯಾವ ಫೈಲು, ಯಾವ ದಿನದ್ದು, ಯಾವ ಟೇಪಿನಲ್ಲಿದೆ ಅನ್ನೋದೆಲ್ಲ ಬರೆದಿಟ್ಟ ಡೇಟಾಬೇಸು. ಅದಿಲ್ಲದಿದ್ರೆ ನಾನೂರು ಟೇಪೂ ನಾನೂರು ಇಟ್ಟಿಗೆ. ನಿಲ್ಲಿಸಿ ಮತ್ತೆ ಶುರು ಮಾಡ್ದ. ಏಳಲಿಲ್ಲ. ಯಂತ್ರ ತಾನೇ ಬರೆದಿಡೋ ಲಾಗ್ ತೆಗೆದು ಓದ್ದ. ಡಿಸ್ಕು ಓದೋಕಾಗ್ತಿಲ್ಲ ಅಂತಿತ್ತು. ಜೋಡಿ ಡಿಸ್ಕು ಇದೆಯಲ್ಲ, ಒಂದು ಹೋದ್ರೆ ಇನ್ನೊಂದು ಅಂತ ಸರ್ವರ್ ಹಿಂದೆ ಬಗ್ಗಿ ನೋಡಿದ್ರೆ... ಎರಡರ ಮೇಲೂ ಕೆಂಪು ದೀಪ. ಒಂದು ಹೋಗಿ ಮೂರು ವಾರ ಆಗಿತ್ತು. ಆ ದೀಪ ನೋಡೋಕೆ ಕೋಣೇಲಿ ಕೂತಿರೋರು ಯಾರೂ ಇರಲಿಲ್ಲ, ವಾರಕ್ಕೊಂದು ಸಲ ಬಂದು ಹೋಗ್ತಿದ್ದ ಇವನು ಹಿಂದೆ ಬಗ್ಗಿಯೇ ಇರಲಿಲ್ಲ.

ಕ್ಯಾಟಲಾಗಿಗೂ ಬ್ಯಾಕಪ್ ಇರುತ್ತೆ. ದಿನಾ ಅದನ್ನೂ ಒಂದು ಟೇಪಿಗೆ ಬರೀತಾರೆ. ಆದ್ರೆ ಯಾವ ಟೇಪಿಗೆ? ಅದು ಗೊತ್ತಿರೋದು ಕ್ಯಾಟಲಾಗಿಗೆ ಮಾತ್ರ! ಬೀರುವಿನ ಬೀಗದ ಕೈಯನ್ನ ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ. ಆಗ ಅವನಿಗೆ ಹೊಳೀತು, ಅಜ್ಜ ದಿನಾ ಚೀಟಿ ಮೇಲೆ ಬರೀತಿದ್ದ ನಂಬರು ಯಾವುದು ಅಂತ.

ಒಂದು ಆಸೆ ಇತ್ತು. ಆ ಸಾಫ್ಟ್‌ವೇರು ದಿನಾ ಕೆಲಸ ಮುಗಿದ ಕೂಡಲೇ ಆ ನಂಬರನ್ನ ಮೇಲ್ ಮಾಡುತ್ತೆ. ಡಿಸ್ಕು ಕೆಟ್ಟಾಗಲೂ ತಿಳಿಸಿ ಮೇಲ್ ಮಾಡುತ್ತೆ. ತನಗೆ ಒಂದೂ ಬಂದಿಲ್ಲವಲ್ಲ? ಸೆಟ್ಟಿಂಗ್ ಬರೆದಿರೋ ಫೈಲು ಬೇರೆ ಡಿಸ್ಕಲ್ಲಿತ್ತು, ತೆಗೆದು ನೋಡ್ದ. ಯಾರಿಗೆ ತಿಳಿಸಬೇಕು ಅನ್ನೋ ಜಾಗದಲ್ಲಿ... ಟೇಪಜ್ಜನ ವಿಳಾಸ.

ಬದಲಾಯಿಸೋದೇ ಮರೆತಿದ್ದ. ಐದು ತಿಂಗಳು, ಪ್ರತಿ ರಾತ್ರಿ ಮೂರು ಹತ್ತಕ್ಕೆ, ಆ ಯಂತ್ರ ಸತ್ತವರಿಗೆ ಮೇಲ್ ಕಳಿಸ್ತಿತ್ತು. ಅಜ್ಜನ ಮೇಲ್ ಖಾತೆಯನ್ನೋ, ಅವರು ತೀರಿಕೊಂಡ ವಾರವೇ ಮುಚ್ಚಿದ್ರು.

ಇನ್ನೇನು ಮಾಡ್ತಾನೆ? ಒಂದೊಂದೇ ಟೇಪು ಹಾಕಿ ನೋಡೋಕೆ ಶುರು ಮಾಡ್ದ. ಒಂದಕ್ಕೆ ಇಪ್ಪತ್ತು ನಿಮಿಷ. ಜರ್ರ್ರ್... ಟಕ್. ಸುಯ್ಯ್... ಇದಲ್ಲ. ಜರ್ರ್ರ್... ಟಕ್. ಇದೂ ಅಲ್ಲ. ನಾನೂರು ಟೇಪಿಗೆ ಎಷ್ಟು ದಿನ, ನೀವೇ ಲೆಕ್ಕ ಹಾಕಿ. ನಡುವೆ ಒಂದು ಸಲ ಆ ಹುಡುಗಿ ಕೆಳಗೆ ಬಂದು ಬಾಗಿಲ ಹತ್ರ ನಿಂತ್ಲು. ಇವನ ಮುಖ ನೋಡಿದ್ಲು, ಹೋದ್ಲು. ಅವನು ಮೇಜಿನ ಮೇಲೆ ತಲೆ ಇಟ್ಟು ಅತ್ತನಂತೆ. ನನ್ನ ಹತ್ರ ಒಪ್ಕೊಂಡಿದಾನೆ, ನೀವು ಕೇಳಿದ್ರೆ ಇಲ್ಲ ಅಂತಾನೆ.

ಆಗ ಫೋನು ಹೊಡ್ಕೊಳ್ತು.

ಟ್ರಿಣ್... ಟ್ರಿಣ್...

ಗಡಿಯಾರ ನೋಡ್ದ. ಮೂರು ಹತ್ತು. ಎತ್ತಿದ. ಮೊದಲು ಬರೀ ಗಾಳಿ ಸದ್ದು, ಬಾವಿಯೊಳಗೆ ಕಿವಿಯಿಟ್ಟ ಹಾಗೆ. ಆಮೇಲೆ...

ಖೊಕ್. ಖೊಕ್.

"ಯಾರು?" ಅಂದ.

"ಮೊಳೆ ನೋಡಿದ್ಯಾ ಮರಿ?"

ಪಿಸುಮಾತು. ಅಷ್ಟೇ. ಕಟ್.

ಎದ್ದ. ಬಾಗಿಲ ಹತ್ರ ಹೋದ. ಸ್ವೆಟರ್ ತಾನು ಹಾಕಿದ ಹಾಗೇ ನೇತಾಡ್ತಿತ್ತು. ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿದ. ಅದರ ಕೆಳಗೆ, ಮೊಳೆಗೆ ಚುಚ್ಚಿದ ಹಾಗೆ, ಒಂದು ಚೀಟಿ. ಪೆನ್ಸಿಲ್ ಬರಹ. ಹಿಂದಿನ ರಾತ್ರಿಯ ತಾರೀಕು. ಕೆಳಗೆ ನಂಬರು, 0277. ಎರಡು ಏಳಕ್ಕೂ ನಡುವೆ ಅಡ್ಡಗೀಟು. ಹಾಗೆ ಬರೀತಿದ್ದವರು ಆ ಆಸ್ಪತ್ರೇಲಿ ಒಬ್ಬರೇ.

ಹೆದರಿಕೆ ಆಯ್ತಾ ಅಂತ ನಾನೂ ಕೇಳಿದೆ. "ಹೆದರೋಕೆ ಟೈಮ್ ಎಲ್ಲಿತ್ತು, ನಂಬರು ಒತ್ತಿದೆ," ಅಂದ. ಜರ್ರ್ರ್... ಟಕ್. ಸುಯ್ಯ್... ಅದೇ ಟೇಪು. ಕ್ಯಾಟಲಾಗ್ ಪೂರ್ತಿ ಅದರಲ್ಲಿತ್ತು. ಅದನ್ನ ಬೇರೆ ಡಿಸ್ಕಿಗೆ ಇಳಿಸೋಕೆ ಒಂದು ಗಂಟೆ, ಹೆಂಗಸಿನ ದಾಖಲೆ ಹುಡುಕಿ ತೆಗೆಯೋಕೆ ಇನ್ನೊಂದು. ಐದೂಮುಕ್ಕಾಲಿಗೆ ಕಾಗದ ಡಾಕ್ಟರ ಕೈಗೆ ಸೇರ್ತು. ಕ್ಲಿಪ್ಪು ಅಯಸ್ಕಾಂತಕ್ಕೆ ಅಂಟೋ ಜಾತಿಯದ್ದಲ್ಲ. ಸ್ಕ್ಯಾನ್ ಮಾಡಿದ್ರು, ಸೋರ್ತಿದ್ದ ಜಾಗ ಸಿಕ್ತು, ಆಯಮ್ಮ ಬದುಕಿದ್ರು. ಹನ್ನೆರಡು ದಿನಕ್ಕೆ ಅದೇ ಚಪ್ಪಲಿ ಮೆಟ್ಕೊಂಡು ಮನೆಗೆ ಹೋದ್ರು.

ಕತೆ ಇಲ್ಲಿಗೆ ಮುಗಿದಿದ್ರೆ, ಯಾರೋ ಚೀಟಿ ಚುಚ್ಚಿ, ಫೋನ್ ಮಾಡಿ ಆಟ ಆಡಿಸಿದಾರೆ ಅಂತ ನಾನೂ ಸುಮ್ಮನಾಗ್ತಿದ್ದೆ.

ಬೆಳಿಗ್ಗೆ ಮನೆಗೆ ಹೊರಟಾಗ ರಾತ್ರಿ ಪಾಳಿ ಟೆಲಿಫೋನ್ ಆಪರೇಟರ್ ಎದುರಾದ್ರು. ಅವರು ಸೇರಿ ನಾಲ್ಕು ತಿಂಗಳಷ್ಟೇ. ಅಜ್ಜನನ್ನ ಕಂಡವರೇ ಅಲ್ಲ. ಇವನ ಕೊರಳಲ್ಲಿದ್ದ ಕಾರ್ಡು ನೋಡಿ ನಕ್ಕು, "ಓ, ನೆಲಮಾಳಿಗೆಯವರು ನೀವೇನಾ? ಕೆಮ್ಮಿಗೆ ಔಷಧಿ ತಗೋಬಾರದಾ?" ಅಂದ್ರು.

"ಯಾವ ಕೆಮ್ಮು?"

"ಚೆನ್ನಾಗಿದೆ! ದಿನಾ ರಾತ್ರಿ ಫೋನ್ ಮಾಡಿ ಎರಡು ಸಲ ಕೆಮ್ಮಿ 'ಆಯ್ತು' ಅಂತೀರಲ್ಲ. ಒಂದು ದಿನವೂ ತಪ್ಪಿಲ್ಲ. ನಾನು 'ಸರಿ, ಮಲಗಿ' ಅಂತೀನಿ. ಇಡೀ ರಾತ್ರೀಲಿ ನನಗೂ ಮಾತಾಡೋಕೆ ಇನ್ಯಾರಿದಾರೆ ಹೇಳಿ?"

ಇವನು ಐದು ತಿಂಗಳಲ್ಲಿ ಒಂದು ರಾತ್ರಿಯೂ ಆ ಕೋಣೇಲಿ ಕೂತವನಲ್ಲ. ಬಾಯಿಗೆ ಬಂದಿತ್ತಂತೆ, ನಾನಲ್ಲ ಅಂತ. ಆಪರೇಟರ್ ಮುಖ ನೋಡಿ ನುಂಗ್ಕೊಂಡ. "ತಗೋತೀನಿ," ಅಂದು ಬಂದುಬಿಟ್ಟ.

ಅವತ್ತು ಸಂಜೆ ಹೊಸ ಡಿಸ್ಕು ಹಾಕಿ, ಎಲ್ಲಾ ಸರಿ ಮಾಡಿ, ಮೇಲ್ ವಿಳಾಸ ತಿದ್ದೋಕೆ ಕೂತ. ಅಜ್ಜನ ವಿಳಾಸ ಅಳಿಸೋಕೆ ಕೈ ಬರಲಿಲ್ಲ. ಅದರ ಕೆಳಗೆ ತನ್ನದು ಸೇರಿಸಿದ. ಮನೆಗೂ ಹೋಗಲಿಲ್ಲ. ಫ್ಲಾಸ್ಕಲ್ಲಿ ಟೀ ತರಿಸ್ಕೊಂಡು, ಫೋನನ್ನ ಮೇಜಿನ ಮೇಲೆ ಕೈಗೆ ಸಿಗೋ ಹಾಗೆ ಇಟ್ಕೊಂಡು, ರಾತ್ರಿಯೆಲ್ಲ ಅಲ್ಲೇ ಕೂತಿದ್ದ. ಬ್ಯಾಕಪ್ ಮುಗೀತು. ಚೀಟಿ ಬರೆದ. ಮೊಳೆಗೆ ಚುಚ್ಚಿದ. ಇನ್ನು ಮೇಲೆ ಇದು ನನ್ನ ಕೆಲಸ ಸಾರ್, ನೀವು ಮಲಗಿ ಅಂತ ಮನಸ್ಸಲ್ಲೇ ಅಂದ್ಕೊಂಡು, ಮೇಲಕ್ಕೆ ಫೋನ್ ಮಾಡ್ದ.

"ಆಯ್ತು," ಅಂದ.

ಆ ಕಡೆ ಆಪರೇಟರ್ ನಕ್ರು. "ಏನ್ ಸಾರ್ ಮರೆವು! ಈಗ ತಾನೇ ಹೇಳಿದ್ರಲ್ಲ... ಒಂದು ನಿಮಿಷವೂ ಆಗಿಲ್ಲ."

ಆ ಕೋಣೇಲಿ ಇರೋದು ಅದೊಂದೇ ಫೋನು. ಸಂಜೆಯಿಂದ ಅವನ ಮೊಣಕೈ ಪಕ್ಕದಲ್ಲೇ ಇತ್ತು. ನಡೆದಿದ್ದನ್ನ ನಡೆದ ಹಾಗೆ ಹೇಳಿದೀನಿ, ಒಂದಕ್ಷರ ಸೇರಿಸಿಲ್ಲ. ಇನ್ನು ಮಲಗಿ.